ಎಂಪಿ ಅಂದ್ರೆ ಏನ್ ಕೆಲ್ಸ? ಹರದನಹಳ್ಳಿಯಿಂದ ಡೆಲ್ಲಿವರೆಗೆ ಒಂದು ದಾರಿ ಹಿಡ್ಕೊಂಡು ನೋಡೋಣ

ಹೋದ್ ವಾರ ನಮ್ಮೂರಿನ ಟೀ ಅಂಗಡಿ ಮುಂದೆ ದೊಡ್ಡ ಚರ್ಚೆ. ಚರಂಡಿ ಕಟ್ಕೊಂಡು ಮೂರು ತಿಂಗಳಾಯ್ತು, ಎಂಪಿ ಏನ್ ಮಾಡ್ತಾ ಇದಾನೆ ಅಂತ ಒಬ್ರು. ಎಂಪಿ ಗೆದ್ಮೇಲೆ ಈ ಕಡೆ ತಲೆನೇ ಹಾಕಿಲ್ಲ ಅಂತ ಇನ್ನೊಬ್ರು. ಮೂರನೆಯವರಿಗೆ ಪೋಡಿ, ಅಂದ್ರೆ ಜಮೀನು ಅಳೆದು ಭಾಗ ಮಾಡೋ ಕೆಲ್ಸ, ಆಗಿಲ್ಲ ಅಂತ ಕೋಪ, ಅದಕ್ಕೂ ಎಂಪಿನೇ ಕಾರಣ. ನಾನು ಸುಮ್ನೆ ಟೀ ಕುಡೀತಾ ಕೇಳಿಸ್ಕೊಂಡೆ, ಆಮೇಲೆ ಮನೆಗೆ ಬಂದು ಯೋಚ್ನೆ ಮಾಡಿದ್ರೆ ಗೊತ್ತಾಗಿದ್ದು ಏನಪ್ಪಾ ಅಂದ್ರೆ, ಓಟು ಹಾಕೋಕೆ ಶುರು ಮಾಡಿ ಇಪ್ಪತ್ತು ವರ್ಷ ಆದ್ರೂ ಎಂಪಿ ಕೆಲ್ಸ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತೆ ಅಂತ ನನಗೂ ಸರಿಯಾಗಿ ಹೇಳೋಕೆ ಬರಲ್ಲ.

ಸರಿ, ಓದಿ ತಿಳ್ಕೊಂಡಿದ್ದನ್ನ ಬರೀತಾ ಇದೀನಿ. ಬರೀ ರೂಲ್ಸ್ ಹೇಳಿದ್ರೆ ತಲೆಗೆ ಹತ್ತಲ್ಲ, ಅದಕ್ಕೆ ಒಬ್ಬರ ಜೀವನ ಜೊತೆಗಿಟ್ಕೊಂಡಿದೀನಿ. ನಮ್ ಜಿಲ್ಲೆಯವರೇ, ಎಚ್.ಡಿ. ದೇವೇಗೌಡ್ರು. ಅವರು ಒಳ್ಳೇವ್ರಾ ಕೆಟ್ಟವ್ರಾ, ಯಾವ ಪಾರ್ಟಿ ಸರಿ, ಅದು ಇಲ್ಲಿ ವಿಷ್ಯ ಅಲ್ಲ, ದಯವಿಟ್ಟು ಜಗಳಕ್ಕೆ ಬರಬೇಡಿ. ಅವರನ್ನ ಯಾಕೆ ಆರಿಸ್ಕೊಂಡೆ ಅಂದ್ರೆ ಒಬ್ಬ ಹಳ್ಳಿ ರಾಜಕಾರಣಿಗೆ ಆಗಬಹುದಾದ ಎಲ್ಲಾನೂ ಅವರಿಗೆ ಆಗಿದೆ: ಗೆದ್ದಿದ್ದು, ಸೋತಿದ್ದು, ಎರಡು ಕಡೆ ನಿಂತಿದ್ದು, ಬೈ ಎಲೆಕ್ಷನ್, ಎಂಪಿ ಆಗಿರದೇನೇ ಪ್ರಧಾನಿ ಆಗಿದ್ದು, ಕೊನೆಗೆ ರಾಜ್ಯಸಭೆ. ಒಬ್ಬರ ಕಥೇಲೇ ಅರ್ಧ ಸಂವಿಧಾನ ಸಿಕ್ಕಿಬಿಡುತ್ತೆ.

ಮೊದ್ಲು ಚರಂಡಿ ವಿಷ್ಯ ಮುಗಿಸೋಣ

ನಮ್ಮ ಸರ್ಕಾರ ಅನ್ನೋದು ಒಟ್ಟು ಕುಟುಂಬದ ಥರ. ಅಡುಗೆಮನೆ ಒಬ್ರದ್ದು, ಹೊಲ ಇನ್ನೊಬ್ರದ್ದು, ಮನೆಯಿಂದ ಆಚೆ ವ್ಯವಹಾರ ಯಜಮಾನಂದು. ಸಂವಿಧಾನದ ಏಳನೇ ಶೆಡ್ಯೂಲ್‌ನಲ್ಲಿ ಈ ಭಾಗ ಪತ್ರ ಇದೆ. ಕೇಂದ್ರದ ಪಟ್ಟಿ, ರಾಜ್ಯದ ಪಟ್ಟಿ, ಇಬ್ರೂ ಕೈ ಹಾಕಬಹುದಾದ ಪಟ್ಟಿ, ಹೀಗೆ ಮೂರು.

ಹಳ್ಳಿ ಚರಂಡಿ, ಬೀದಿ ದೀಪ, ಕುಡಿಯೋ ನೀರಿನ ನಲ್ಲಿ ಪಂಚಾಯ್ತಿದು. ಪಹಣಿ, ಪೋಡಿ, ಖಾತೆ ತಹಶೀಲ್ದಾರ್ ಆಫೀಸು, ಅಂದ್ರೆ ರಾಜ್ಯ. ಸರ್ಕಾರಿ ಆಸ್ಪತ್ರೆ, ಪೊಲೀಸ್ ಸ್ಟೇಷನ್, ಪಂಪ್‌ಸೆಟ್ ಕರೆಂಟು ಕೂಡ ರಾಜ್ಯಾನೇ, ಅದನ್ನ ಎಂಎಲ್ಎ ಹತ್ರ ಕೇಳ್ಬೇಕು. ಹಾಗಾದ್ರೆ ಎಂಪಿಗೆ ಉಳಿದಿದ್ದೇನು? ರೈಲು, ನ್ಯಾಷನಲ್ ಹೈವೇ, ಪೋಸ್ಟ್ ಆಫೀಸು, ಟೆಲಿಫೋನು, ಬ್ಯಾಂಕು, ಬೆಳೆಗೆ ಕೇಂದ್ರ ಕೊಡೋ ಬೆಂಬಲ ಬೆಲೆ, ಆಮದು ರಫ್ತು. ನಮ್ ಹಾಸನ ಜಿಲ್ಲೆ ಲೆಕ್ಕದಲ್ಲಿ ಹೇಳ್ಬೇಕಂದ್ರೆ ಅರಸೀಕೆರೆಯವ್ರ ಕೊಬ್ಬರಿ, ಸಕಲೇಶಪುರದವ್ರ ಕಾಫಿ, ಅರಕಲಗೂಡಿನವ್ರ ತಂಬಾಕು, ಈ ಮೂರರ ಹಣೆಬರಹಾನೂ ಬಹುಪಾಲು ಡೆಲ್ಲೀಲೇ ಬರೆಯೋದು. ಉಂಡೆ ಕೊಬ್ಬರಿಗೆ 2025ರ ಸೀಸನ್ನಿಗೆ ಕ್ವಿಂಟಾಲಿಗೆ 12,100 ರೂಪಾಯಿ ಅಂತ ಬೆಂಬಲ ಬೆಲೆ ನಿಗದಿ ಮಾಡಿದ್ದು ಕೇಂದ್ರದ ಕ್ಯಾಬಿನೆಟ್ಟು, ಬೆಂಗಳೂರಲ್ಲ. ಮಾರ್ಕೆಟ್ಟಲ್ಲಿ ರೇಟು ಬಿದ್ದಾಗ ಬೆಂಬಲ ಬೆಲೆಗೆ ಕೊಳ್ಳೋ ಸಂಸ್ಥೆ ನಾಫೆಡ್‌ನಿಂದ ಖರೀದಿ ಶುರು ಮಾಡಿ ಅಂತ ಕೂಗಾಡಬೇಕಾಗಿರೋದು ಎಂಪಿ.

ನೀರಿನ ವಿಷ್ಯ ಮಾತ್ರ ಸ್ವಲ್ಪ ಗೋಜಲು. ಕೆರೆ ಕಾಲುವೆ ರಾಜ್ಯದ ಪಟ್ಟೀಲಿದೆ, ಆದ್ರೆ ನದಿ ಎರಡು ರಾಜ್ಯಕ್ಕೆ ಹರಿದ್ರೆ ಅದರಲ್ಲಿ ಕೇಂದ್ರದ ಕೈ ಬರುತ್ತೆ. ಕಾವೇರಿ ಅಂದ ತಕ್ಷಣ ನಮ್ ಎಂಪಿಗಳು ಪಾರ್ಟಿ ಮರೆತು ಒಂದೇ ಸಾಲಲ್ಲಿ ನಿಲ್ಲೋದು ಅದಕ್ಕೇ.

ಸೊಸೈಟಿಯಿಂದ ಶುರು

ದೇವೇಗೌಡ್ರು ಹುಟ್ಟಿದ್ದು 1933ರ ಮೇ 18ಕ್ಕೆ, ಹೊಳೆನರಸೀಪುರ ತಾಲ್ಲೂಕಿನ ಹರದನಹಳ್ಳೀಲಿ, ಭತ್ತ ಬೆಳೆಯೋ ರೈತರ ಮನೇಲಿ. ಓದಿದ್ದು ಹಾಸನದ ಎಲ್.ವಿ. ಪಾಲಿಟೆಕ್ನಿಕ್‌ನಲ್ಲಿ ಸಿವಿಲ್ ಡಿಪ್ಲೊಮಾ. 1953ರಲ್ಲಿ ಕಾಂಗ್ರೆಸ್ ಸೇರಿದ್ರು. ಆದ್ರೆ ಹೆಸ್ರು ಬಂದಿದ್ದು ಪಾರ್ಟಿಯಿಂದ ಅಲ್ಲ. ಹೊಳೆನರಸೀಪುರದ ಆಂಜನೇಯ ಕೋಆಪರೇಟಿವ್ ಸೊಸೈಟಿ ಅಧ್ಯಕ್ಷರಾದ್ರು, ಆಮೇಲೆ ತಾಲ್ಲೂಕ್ ಡೆವಲಪ್‌ಮೆಂಟ್ ಬೋರ್ಡ್ ಮೆಂಬರ್ ಆದ್ರು.

ಸಿಟಿಯವ್ರಿಗೆ ಇದು ಸಣ್ಣ ವಿಷ್ಯ ಅನಿಸಬಹುದು. ಹಳ್ಳೀಲಿ ಸೊಸೈಟಿ ಅಂದ್ರೆ ಗೊಬ್ಬರ, ಬೆಳೆ ಸಾಲ, ಬಿತ್ತನೆ ಬೀಜ. ಯಾರಿಗೆ ಎಷ್ಟು ಎಕ್ರೆ, ಯಾರ್ ಸಾಲ ತೀರ್ಸಿದಾರೆ, ಯಾವ ಮನೇಲಿ ಅಣ್ಣ ತಮ್ಮ ಮಾತಾಡಲ್ಲ, ಇದೆಲ್ಲ ಸೊಸೈಟಿ ಅಧ್ಯಕ್ಷನಿಗೆ ಬಾಯಿಪಾಠ ಇರುತ್ತೆ. ಇವತ್ತಿಗೂ ನಮ್ ಕಡೆ ಡೈರಿ ಅಧ್ಯಕ್ಷ ಸ್ಥಾನಕ್ಕೆ ಪಂಚಾಯ್ತಿ ಎಲೆಕ್ಷನ್ನಿಗಿಂತ ಜೋರಾಗಿ ಫೈಟ್ ನಡಿಯೋದು ಸುಮ್ನೆ ಅಲ್ಲ.

1962ರಲ್ಲಿ ಪಕ್ಷೇತರರಾಗಿ ನಿಂತು ಹೊಳೆನರಸೀಪುರದಿಂದ ಎಂಎಲ್ಎ ಆದ್ರು. ಅಲ್ಲಿಂದ ಮುಂದೆ ಅದೇ ಕ್ಷೇತ್ರದಿಂದ ಒಟ್ಟು ಆರು ಸಲ ಬಿಡದೆ ಗೆದ್ರು. 1972ರಿಂದ ವಿರೋಧ ಪಕ್ಷದ ನಾಯಕ, ಎಮರ್ಜೆನ್ಸೀಲಿ ಬೆಂಗಳೂರು ಸೆಂಟ್ರಲ್ ಜೈಲು, 1983ರ ನಂತರ ರಾಮಕೃಷ್ಣ ಹೆಗಡೆ ಸರ್ಕಾರದಲ್ಲಿ ಲೋಕೋಪಯೋಗಿ ಮತ್ತು ನೀರಾವರಿ ಮಂತ್ರಿ. 1989ರಲ್ಲಿ ಹೊಳೆನರಸೀಪುರದಲ್ಲೇ ಸೋತ್ರು, ಕಾಂಗ್ರೆಸ್ಸಿನ ಜಿ. ಪುಟ್ಟಸ್ವಾಮಿಗೌಡ್ರ ಎದುರು. ಈ ಹೆಸ್ರು ನೆನಪಿಟ್ಕೊಳ್ಳಿ, ಮುಂದೆ ಮತ್ತೆ ಬರುತ್ತೆ.

ಎರಡೇ ವರ್ಷಕ್ಕೆ, 1991ರಲ್ಲಿ, ಹಾಸನದಿಂದ ಲೋಕಸಭೆಗೆ ಗೆದ್ರು. ಎಂಪಿ ಆಗಿ ಡೆಲ್ಲಿಗೆ ಹೋಗೋ ಹೊತ್ತಿಗೆ ವಯಸ್ಸು 58. ಕಾನೂನು ಪ್ರಕಾರ 25 ವರ್ಷ ತುಂಬಿದ್ರೆ ಸಾಕು, ದೇಶದ ಯಾವ್ದಾದ್ರೂ ಊರಿನ ವೋಟರ್ ಲಿಸ್ಟಲ್ಲಿ ಹೆಸರಿದ್ರೆ ಸಾಕು, ಡೆಪಾಸಿಟ್ 25,000 ರೂಪಾಯಿ ಕಟ್ಟಿದ್ರೆ ಸಾಕು, ಎಸ್‌ಸಿ ಎಸ್‌ಟಿ ಅಭ್ಯರ್ಥಿಗೆ ಅದರಲ್ಲಿ ಅರ್ಧ. ಬಿದ್ದಿರೋ ಓಟಲ್ಲಿ ಆರನೇ ಒಂದು ಭಾಗ ಬರಲಿಲ್ಲ ಅಂದ್ರೆ ಆ ದುಡ್ಡು ಸರ್ಕಾರಕ್ಕೆ ಹೋಯ್ತು, ಇದನ್ನೇ ನಾವು ಡೆಪಾಸಿಟ್ ಕಳ್ಕೊಂಡ ಅಂತ ಹೇಳೋದು. ಪೇಪರ್ ಮೇಲೆ ಬಾಗಿಲು ಎಲ್ಲರಿಗೂ ತೆರೆದೇ ಇದೆ. ಆದ್ರೆ ಒಬ್ಬ ಅಭ್ಯರ್ಥಿ ಖರ್ಚು ಮಾಡಬಹುದಾದ ಮಿತಿ ನಮ್ಮ ರಾಜ್ಯದಲ್ಲಿ 95 ಲಕ್ಷ ಅಂತ ಇದೆ, ಮಿತಿನೇ ಅಷ್ಟು ಅಂದ್ರೆ ಬಾಗಿಲಾಚೆ ಏನಿದೆ ಅಂತ ಊಹೆ ಮಾಡ್ಕೊಳ್ಳಿ.

ಒಬ್ಬ ಎಂಪಿ, ಎಂಟು ಎಂಎಲ್ಎ

ಕರ್ನಾಟಕದಲ್ಲಿ 224 ಎಂಎಲ್ಎ ಸೀಟು, 28 ಎಂಪಿ ಸೀಟು. ಭಾಗ ಮಾಡಿದ್ರೆ ಸರಿಯಾಗಿ ಎಂಟೆಂಟು. ಹಾಸನ ಲೋಕಸಭಾ ಕ್ಷೇತ್ರ ತಗೊಳ್ಳಿ: ಶ್ರವಣಬೆಳಗೊಳ, ಅರಸೀಕೆರೆ, ಬೇಲೂರು, ಹಾಸನ, ಹೊಳೆನರಸೀಪುರ, ಅರಕಲಗೂಡು, ಸಕಲೇಶಪುರ, ಇದರ ಜೊತೆಗೆ ಪಕ್ಕದ ಚಿಕ್ಕಮಗಳೂರು ಜಿಲ್ಲೆಯ ಕಡೂರು. ಒಂದು ತುದೀಲಿ ಆನೆ ಬಂದು ಕಾಫಿ ತೋಟ ತುಳೀತಾ ಇರುತ್ತೆ, ಇನ್ನೊಂದು ತುದೀಲಿ ಮಳೆ ಇಲ್ದೆ ತೆಂಗು ಒಣಗ್ತಾ ಇರುತ್ತೆ. ಎರಡಕ್ಕೂ ಒಬ್ಬನೇ ಎಂಪಿ. 17 ಲಕ್ಷದ ಹತ್ತಿರ ಮತದಾರರು. ದಿನಕ್ಕೆ ನೂರು ಜನರನ್ನ ಭೇಟಿ ಮಾಡಿದ್ರೂ ಐದು ವರ್ಷಕ್ಕೆ ಎರಡು ಲಕ್ಷ ದಾಟಲ್ಲ, ಅದೂ ಒಂದು ದಿನಾನೂ ಡೆಲ್ಲಿಗೆ ಹೋಗದೆ ಊರಲ್ಲೇ ಕೂತ್ರೆ. ಎಂಪಿ ನಮ್ಮೂರಿಗೆ ಬರಲೇ ಇಲ್ಲ ಅನ್ನೋ ದೂರಿನ ಹಿಂದಿರೋ ಲೆಕ್ಕ ಇದು.

ಈ 28 ಅನ್ನೋ ನಂಬರ್ ನಿಂತಿರೋದು 1971ರ ಜನಗಣತಿ ಮೇಲೆ. 1976ರ ತಿದ್ದುಪಡೀಲಿ ರಾಜ್ಯವಾರು ಸೀಟಿಗೆ ಬೀಗ ಹಾಕಿದ್ರು, 2001ರಲ್ಲಿ ಆ ಬೀಗಾನ 2026ರ ನಂತರದ ಮೊದಲ ಜನಗಣತಿವರೆಗೂ ಮುಂದಕ್ಕೆ ಹಾಕಿದ್ರು. ಡೀಲಿಮಿಟೇಷನ್ ಡೀಲಿಮಿಟೇಷನ್ (ಕ್ಷೇತ್ರ ಮರುವಿಂಗಡಣೆ) ಅಂತ ಟೀವೀಲಿ ಕೇಳ್ತಿರ್ತೀರಲ್ಲ, ಅದು ಈ ಬೀಗದ ಸುತ್ತ ನಡಿಯೋ ಮಾತು. ಜನ ಜಾಸ್ತಿ ಆಗದಂಗೆ ನೋಡ್ಕೊಂಡಿರೋ ದಕ್ಷಿಣದ ರಾಜ್ಯಗಳಿಗೆ ಹೊಸ ಲೆಕ್ಕದಲ್ಲಿ ಪಾಲು ಕಮ್ಮಿ ಆಗುತ್ತೆ ಅನ್ನೋದು ಭಯ.

ಡೆಲ್ಲೀಲಿ ಕೂತು ಮಾಡೋದೇನು

ಇದು ನಮಗೆ ಕಾಣದೇ ಇರೋ ಭಾಗ, ಅದಕ್ಕೆ ಸ್ವಲ್ಪ ನಿಧಾನಕ್ಕೆ ಹೋಗೋಣ.

ವರ್ಷಕ್ಕೆ ಸಾಮಾನ್ಯವಾಗಿ ಮೂರು ಅಧಿವೇಶನ. ಬಜೆಟ್ಟು, ಮಳೆಗಾಲದ್ದು, ಚಳಿಗಾಲದ್ದು. ಲೋಕಸಭೇಲಿ ಬೆಳಗ್ಗೆ 11ಕ್ಕೆ ಪ್ರಶ್ನೋತ್ತರ ಅವಧಿ. ಎಂಪಿಗಳು ಮಂತ್ರಿಗಳನ್ನ ಪ್ರಶ್ನೆ ಕೇಳೋ ಹೊತ್ತು. ಎದ್ದು ನಿಂತು ಬಾಯಿಗೆ ಬಂದಿದ್ದು ಕೇಳಂಗಿಲ್ಲ, 15 ದಿನ ಮುಂಚೆ ಬರೆದು ಕೊಡ್ಬೇಕು. ಪ್ರಶ್ನೆಗಳಲ್ಲಿ ಎರಡು ಥರ. ಚುಕ್ಕೆ ಗುರುತಿಂದು, ಅಂದ್ರೆ ಮಂತ್ರಿ ಎದ್ದು ನಿಂತು ಬಾಯಲ್ಲಿ ಉತ್ತರ ಕೊಡ್ಬೇಕು, ಮೇಲಿಂದ ಉಪಪ್ರಶ್ನೆ ಹಾಕಿ ಸಿಕ್ಕಿಸಬಹುದು. ದಿನಕ್ಕೆ ಇಂಥವು 20 ಮಾತ್ರ, ಅದೂ ಲಾಟರೀಲಿ ಬರ್ಬೇಕು, ಬಂದ್ರೂ ಒಂದು ಗಂಟೇಲಿ ನಾಲ್ಕೈದು ಮುಗಿದ್ರೆ ಹೆಚ್ಚು. ಇನ್ನೊಂದು ಚುಕ್ಕೆ ಇಲ್ಲದ್ದು, ದಿನಕ್ಕೆ 230, ಉತ್ತರ ಬರವಣಿಗೇಲಿ ಬರುತ್ತೆ.

ಬರವಣಿಗೆ ಉತ್ತರ ಅಂದ್ರೆ ಕಾಟಾಚಾರ ಅಂದ್ಕೋಬೇಡಿ. ನಮ್ಮೂರ ರೈಲ್ವೆ ಗೇಟಿಗೆ ಅಂಡರ್‌ಪಾಸ್ ಯಾವಾಗ ಅಂತ ನೀವು ಅರ್ಜಿ ಹಾಕಿದ್ರೆ ಅದು ಯಾವ ಟೇಬಲ್ ಮೇಲೆ ಧೂಳು ತಿಂತಾ ಇರುತ್ತೋ ಗೊತ್ತಿಲ್ಲ. ಅದನ್ನೇ ಎಂಪಿ ಪ್ರಶ್ನೆ ಮಾಡಿ ಹಾಕಿದ್ರೆ ಆ ಫೈಲು ಮಂತ್ರಾಲಯದಿಂದ ಝೋನಿಗೆ, ಝೋನಿಂದ ಮೈಸೂರು ಡಿವಿಷನ್ನಿಗೆ ಬಂದು, ಇಂಜಿನಿಯರ್ ಕೂತು ಏನಾಗಿದೆ ಅಂತ ಬರೆದು ವಾಪಸ್ ಕಳಿಸ್ಲೇಬೇಕು. ಸಂಸತ್ತಿಗೆ ಮಂತ್ರಿ ಸುಳ್ಳು ಉತ್ತರ ಕೊಟ್ರೆ ಅದು ಹಕ್ಕುಚ್ಯುತಿ, ಅಂದ್ರೆ ಸದನದ ಹಕ್ಕಿಗೆ ಧಕ್ಕೆ, ದೊಡ್ಡ ತಲೆನೋವು. ಹಾಗಾಗಿ ಆ ಒಂದು ಹಾಳೆಗೆ ತೂಕ ಇದೆ.

12 ಗಂಟೆಗೆ ಶೂನ್ಯ ವೇಳೆ. ಇಲ್ಲಿ ಎಂಪಿ ತುರ್ತು ವಿಷ್ಯ ಎತ್ತಬಹುದು, ಎರಡು ಮೂರು ನಿಮಿಷ ಸಿಗುತ್ತೆ. ವಾಟ್ಸಾಪಲ್ಲಿ ನಮ್ ಎಂಪಿ ಗುಡುಗಿದ್ರು ಅಂತ ಬರೋ ವಿಡಿಯೋ ಹೆಚ್ಚಾಗಿ ಇದೇ ಹೊತ್ತಿಂದು. ನೋಡೋಕೆ ಚೆನ್ನಾಗಿರುತ್ತೆ, ಆದ್ರೆ ಮಂತ್ರಿ ಅಲ್ಲೇ ಉತ್ತರ ಕೊಡ್ಬೇಕು ಅಂತ ಕಟ್ಟುಪಾಡಿಲ್ಲ. ನನ್ನ ಕೇಳಿದ್ರೆ ವಿಡಿಯೋಗಿಂತ ಆ ಬರವಣಿಗೆ ಉತ್ತರದ ಹಾಳೆನೇ ಜಾಸ್ತಿ ಉಪಯೋಗ.

ಇನ್ನು ಸ್ಥಾಯಿ ಸಮಿತಿಗಳು. ಇವು 24 ಇವೆ, ಒಂದೊಂದರಲ್ಲಿ ಲೋಕಸಭೆಯ 21, ರಾಜ್ಯಸಭೆಯ 10 ಜನ. ಕೃಷಿ, ರೈಲ್ವೆ, ಜಲಸಂಪನ್ಮೂಲ ಹೀಗೆ. ಬಾಗಿಲು ಹಾಕ್ಕೊಂಡು ಕೂತು, ಅಧಿಕಾರಿಗಳನ್ನ ಕರೆಸಿ, ಬಜೆಟ್ ದುಡ್ಡು ಎಲ್ಲಿ ಹೋಯ್ತು ಅಂತ ಕೇಳ್ತಾರೆ. ಕ್ಯಾಮೆರಾ ಇರಲ್ಲ, ಹಾಗಾಗಿ ಕೂಗಾಟಾನೂ ಕಮ್ಮಿ.

ಮಸೂದೆ ಮೇಲೆ ಓಟು ಹಾಕೋದು ಅಂತೂ ಇದ್ದೇ ಇದೆ. ಆದ್ರೆ ಅಲ್ಲಿ ನಮ್ ಎಂಪಿ ತನಗೆ ಬೇಕಾದಂಗೆ ಓಟು ಹಾಕಂಗಿಲ್ಲ. ಪಾರ್ಟಿ ವಿಪ್ ಅಂತ ಒಂದು ಆದೇಶ ಕೊಡುತ್ತೆ, ಅದನ್ನ ಮೀರಿದ್ರೆ 1985ರಲ್ಲಿ ಬಂದ ಪಕ್ಷಾಂತರ ನಿಷೇಧ ಕಾನೂನಿನ ಕೆಳಗೆ ಸೀಟೇ ಹೋಗಬಹುದು. ಊರವ್ರು ಒಂದು ಹೇಳ್ತಾರೆ, ಪಾರ್ಟಿ ಇನ್ನೊಂದು ಹೇಳುತ್ತೆ ಅಂದಾಗ ಎಂಪಿ ಪಾರ್ಟಿ ಕಡೆ ಓಟು ಹಾಕೋದಕ್ಕೆ ಅರ್ಧ ಕಾರಣ ಈ ಕಾನೂನು.

ಭಾಷೆ ತೊಡಕು

ಹಳ್ಳಿಯಿಂದ ಹೋದವ್ರಿಗೆ ಡೆಲ್ಲೀಲಿ ಮೊದ್ಲು ಎಡವೋದು ಭಾಷೇಲಿ. ಸಂವಿಧಾನದ 120ನೇ ವಿಧಿ ಪ್ರಕಾರ ಸಂಸತ್ತಿನ ವ್ಯವಹಾರ ಹಿಂದಿ ಅಥವಾ ಇಂಗ್ಲಿಷಲ್ಲಿ, ಆ ಎರಡರಲ್ಲಿ ಸರಿಯಾಗಿ ಹೇಳೋಕೆ ಆಗದವ್ರಿಗೆ ಸಭಾಧ್ಯಕ್ಷರು ಮಾತೃಭಾಷೇಲಿ ಮಾತಾಡೋಕೆ ಅನುಮತಿ ಕೊಡಬಹುದು. ಆ ಬಾಗಿಲನ್ನ ಕನ್ನಡಕ್ಕೆ ತೆಗೆಸಿದವ್ರು ಚನ್ನಗಿರಿ ತಾಲ್ಲೂಕಿನ ಕಾರಿಗನೂರಿನ ಜೆ.ಎಚ್. ಪಟೇಲ್ರು. 1967ರಲ್ಲಿ ಶಿವಮೊಗ್ಗದಿಂದ ಸೋಷಲಿಸ್ಟ್ ಎಂಪಿ ಆಗಿ ಹೋಗಿ ಲೋಕಸಭೇಲಿ ಕನ್ನಡದಲ್ಲಿ ಭಾಷಣ ಮಾಡಿದ್ರು, ಆಗ ಸ್ಪೀಕರ್ ನೀಲಂ ಸಂಜೀವ ರೆಡ್ಡಿ. ಪಟೇಲ್ರಿಗೆ ಇಂಗ್ಲಿಷ್ ಬರ್ತಿರ್ಲಿಲ್ಲ ಅಂತಲ್ಲ, ಲಾ ಓದಿದವ್ರು, ಬೇಕು ಅಂತಾನೇ ಕನ್ನಡದಲ್ಲಿ ಮಾತಾಡಿದ್ದು. ಈಗ ಕನ್ನಡದಲ್ಲಿ ಮಾತಾಡಿದ್ರೆ ಅಲ್ಲೇ ಇಯರ್‌ಫೋನಲ್ಲಿ ಅನುವಾದ ಕೇಳುತ್ತೆ.

ಐದು ಕೋಟಿ, ತಲೆಗೆ ಎಷ್ಟು?

ಎಂಪಿ ಫಂಡ್ ಬಗ್ಗೆ ಊರಲ್ಲಿ ಇರೋಷ್ಟು ಕಟ್ಟುಕಥೆ ಬೇರೆ ಯಾವುದ್ರ ಬಗ್ಗೆನೂ ಇಲ್ಲ. ಈ ಯೋಜನೆ ಶುರುವಾಗಿದ್ದು 1993ರ ಡಿಸೆಂಬರಲ್ಲಿ, ಪಿ.ವಿ. ನರಸಿಂಹರಾವ್ ಪ್ರಧಾನಿ ಆಗಿದ್ದಾಗ. ಮೊದಲ ವರ್ಷ ಒಬ್ಬೊಬ್ಬ ಎಂಪಿಗೆ 5 ಲಕ್ಷ, ಆಮೇಲೆ 1 ಕೋಟಿ, 1998ರ ಸುಮಾರಿಗೆ 2 ಕೋಟಿ, 2011ರಿಂದ ವರ್ಷಕ್ಕೆ 5 ಕೋಟಿ. ಕೋವಿಡ್ ಹೊತ್ತಲ್ಲಿ ನಿಲ್ಲಿಸಿದ್ರು, 2021ರ ಕೊನೇಲಿ ಮತ್ತೆ ಶುರು ಮಾಡಿದ್ರು.

ಈ ದುಡ್ಡು ಎಂಪಿ ಅಕೌಂಟಿಗೆ ಬರಲ್ಲ. ಇಂಥ ಊರಲ್ಲಿ ಸಮುದಾಯ ಭವನ ಬೇಕು, ಇಂಥ ಶಾಲೆಗೆ ಎರಡು ಕೊಠಡಿ ಬೇಕು ಅಂತ ಎಂಪಿ ಶಿಫಾರಸು ಮಾಡ್ತಾರೆ ಅಷ್ಟೇ. ಡಿಸಿ ಆಫೀಸು ಅದು ಆಗುತ್ತೋ ಇಲ್ವೋ ನೋಡಿ, ಎಸ್ಟಿಮೇಟ್ ಮಾಡ್ಸಿ, ಕೆಲ್ಸ ಕೊಡುತ್ತೆ. ಮದುವೆ ಆಗೋ ಹುಡುಗಿ ಮನೆಯವ್ರು ಒಪ್ಪಿದ್ರೂ ಛತ್ರ ಬುಕ್ ಮಾಡೋದು ಬೇರೆಯವ್ರ ಕೈಲಿದ್ದಂಗೆ. ಇದರಲ್ಲಿ ನೂರಕ್ಕೆ 15 ರೂಪಾಯಿ ಎಸ್‌ಸಿ ಜನ ಇರೋ ಜಾಗಕ್ಕೆ, 7.5 ರೂಪಾಯಿ ಎಸ್‌ಟಿ ಜಾಗಕ್ಕೆ ಅಂತ ಮೀಸಲು.

ಈಗ ಲೆಕ್ಕ ಹಾಕಿ. 5 ಕೋಟಿನ ಎಂಟು ವಿಧಾನಸಭಾ ಕ್ಷೇತ್ರಕ್ಕೆ ಹಂಚಿದ್ರೆ ಒಂದಕ್ಕೆ ಅರವತ್ತೆರಡೂವರೆ ಲಕ್ಷ. ಕ್ಷೇತ್ರದಲ್ಲಿ 20 ಲಕ್ಷ ಜನ ಅಂತಿಟ್ಕೊಂಡ್ರೆ ತಲೆಗೆ ವರ್ಷಕ್ಕೆ 25 ರೂಪಾಯಿ. ಎರಡು ಟೀಗೆ ಆಗುತ್ತೆ. ಇದನ್ನ ಯಾಕೆ ಹೇಳ್ತಿದೀನಿ ಅಂದ್ರೆ ಎಂಪಿ ಫಂಡಿಂದ ಊರು ಉದ್ಧಾರ ಆಗುತ್ತೆ ಅಂತ ಕಾಯೋದೂ ತಪ್ಪು, ಫಂಡೆಲ್ಲ ಎಂಪಿ ನುಂಗಿದ ಅಂತ ಸುಮ್ನೆ ಹೇಳೋದೂ ತಪ್ಪು. ದೊಡ್ಡ ದುಡ್ಡು ಇರೋದು ಕೇಂದ್ರದ ಬಜೆಟ್ಟಲ್ಲಿ. ಅದನ್ನ ತನ್ನ ಕ್ಷೇತ್ರದ ಕಡೆ ತಿರುಗಿಸೋ ತಾಕತ್ತೇ ಎಂಪಿಯ ನಿಜವಾದ ಫಂಡು.

ಒಂದು ಉದಾಹರಣೆ ನಮ್ ಕಣ್ಣ ಮುಂದೇನೇ ಇದೆ. ಮುಂಚೆ ಹಾಸನದಿಂದ ಬೆಂಗಳೂರಿಗೆ ರೈಲಲ್ಲಿ ಹೋಗ್ಬೇಕಂದ್ರೆ ಅರಸೀಕೆರೆ ಸುತ್ತಿಕೊಂಡೋ ಮೈಸೂರು ಸುತ್ತಿಕೊಂಡೋ ಹೋಗ್ಬೇಕಿತ್ತು. ಶ್ರವಣಬೆಳಗೊಳ, ಕುಣಿಗಲ್ ಮೇಲೆ ನೇರ ಲೈನು ಮಂಜೂರಾಗಿದ್ದು 1996-97ರಲ್ಲಿ, ದೇವೇಗೌಡ್ರು ಪ್ರಧಾನಿ ಆಗಿದ್ದಾಗ. ಪೂರ್ತಿ ಲೈನಲ್ಲಿ ರೈಲು ಓಡಿದ್ದು 2017ರ ಮಾರ್ಚಲ್ಲಿ. ಮಂಜೂರು ಮಾಡ್ಸಿದವ್ರು ಪ್ರಧಾನಿ, ಆದ್ರೂ ಇಪ್ಪತ್ತು ವರ್ಷ! ಯಾಕಂದ್ರೆ ಮಂಜೂರಾತಿ ಒಂದು, ಪ್ರತಿ ವರ್ಷ ಬಜೆಟ್ಟಲ್ಲಿ ಅದಕ್ಕೆ ದುಡ್ಡು ಇಡಿಸೋದು ಇನ್ನೊಂದು, ಜಮೀನು ತಗೊಳ್ಳೋದು ಮತ್ತೊಂದು, ಅದಕ್ಕೆ ರಾಜ್ಯ ಸರ್ಕಾರ ಬೇಕು. ಯಾರೋ ಒಬ್ರು ಪ್ರತಿ ವರ್ಷ ಆ ಫೈಲಿನ ಹಿಂದೆ ಬೀಳದೆ ಇದ್ರೆ ಅದು ಅಲ್ಲೇ ಮಲಗುತ್ತೆ.

ಎಂಪಿ ಅಲ್ಲದೇನೇ ಪ್ರಧಾನಿ, ಅದ್ಹೆಂಗೆ?

1994ರ ಡಿಸೆಂಬರಲ್ಲಿ ದೇವೇಗೌಡ್ರು ರಾಮನಗರದಿಂದ ಎಂಎಲ್ಎ ಆಗಿ ಮುಖ್ಯಮಂತ್ರಿ ಆದ್ರು. ಎಂಪಿ ಸೀಟು ಬಿಟ್ರು, ಎರಡು ಕಡೆ ಒಟ್ಟಿಗೆ ಕೂರಂಗಿಲ್ಲ. 1996ರ ಲೋಕಸಭಾ ಎಲೆಕ್ಷನ್ನಲ್ಲಿ ಯಾರಿಗೂ ಬಹುಮತ ಬರ್ಲಿಲ್ಲ. ವಾಜಪೇಯಿಯವರ ಸರ್ಕಾರ 13 ದಿನಕ್ಕೆ ಹೋಯ್ತು. 13 ಪಾರ್ಟಿಗಳು ಸೇರ್ಕೊಂಡು ಸಂಯುಕ್ತ ರಂಗ ಅಂತ ಮಾಡಿ, ಹೊರಗಿಂದ ಕಾಂಗ್ರೆಸ್ ಬೆಂಬಲ ತಗೊಂಡು, ಕೊನೆಗೆ ಇವರ ಹೆಸ್ರಿಗೆ ಬಂದು ನಿಂತ್ರು. ಜೂನ್ 1ಕ್ಕೆ ಪ್ರಮಾಣವಚನ. ಇಲ್ಲಿ ಮುಖ್ಯಮಂತ್ರಿ ಕುರ್ಚಿ ಪಟೇಲ್ರಿಗೆ, ಅದೇ ಕಾರಿಗನೂರಿನ ಪಟೇಲ್ರಿಗೆ.

ಆವತ್ತು ದೇವೇಗೌಡ್ರು ಲೋಕಸಭೆ ಮೆಂಬರೂ ಅಲ್ಲ, ರಾಜ್ಯಸಭೆ ಮೆಂಬರೂ ಅಲ್ಲ. ಸಂವಿಧಾನದ 75ನೇ ವಿಧೀಲಿ ಇದಕ್ಕೊಂದು ಕಿಂಡಿ ಇದೆ: ಯಾವ ಸದನದ ಸದಸ್ಯ ಅಲ್ಲದಿದ್ರೂ ಮಂತ್ರಿ ಆಗಬಹುದು, ಪ್ರಧಾನೀನೂ ಆಗಬಹುದು, ಆದ್ರೆ ಆರು ತಿಂಗಳ ಒಳಗೆ ಯಾವ್ದಾದ್ರೂ ಒಂದು ಸದನಕ್ಕೆ ಆರಿಸಿ ಬರ್ಬೇಕು. ಸೀಟು ರಿಸರ್ವ್ ಆಗದೆ ರೈಲು ಹತ್ಕೊಂಡು ಆಮೇಲೆ ಟಿಟಿ ಹತ್ರ ಟಿಕೆಟ್ ಮಾಡಿಸ್ಕೊಂಡಂಗೆ. ಸೆಪ್ಟೆಂಬರಲ್ಲಿ ಕರ್ನಾಟಕದಿಂದ ರಾಜ್ಯಸಭೆಗೆ ಆರಿಸಿ ಬಂದ್ರು, ಲೆಕ್ಕ ಸರಿಹೋಯ್ತು.

ಆ ಹತ್ತೂವರೆ ತಿಂಗಳಲ್ಲಿ ಆದ ಕೆಲವು ಕೆಲ್ಸ ಇವತ್ತಿಗೂ ಓಡ್ತಾ ಇವೆ. 1996ರ ಡಿಸೆಂಬರ್ 12ಕ್ಕೆ ಬಾಂಗ್ಲಾದೇಶದ ಜೊತೆ ಗಂಗಾ ನೀರು ಹಂಚಿಕೆ ಒಪ್ಪಂದ, ಆ ಕಡೆಯಿಂದ ಸಹಿ ಹಾಕಿದ್ದು ಶೇಖ್ ಹಸೀನಾ, ಅವಧಿ 30 ವರ್ಷ. ಅಸ್ಸಾಮಲ್ಲಿ ಬ್ರಹ್ಮಪುತ್ರಕ್ಕೆ ಬೋಗಿಬೀಲ್ ಸೇತುವೆಗೆ 1997ರ ಜನವರೀಲಿ ಶಂಕುಸ್ಥಾಪನೆ ಮಾಡಿದ್ರು, ಅದು ಓಪನ್ ಆಗಿದ್ದು 2018ರ ಡಿಸೆಂಬರಲ್ಲಿ. ಹೊಳೆನರಸೀಪುರದಲ್ಲಿ ಕಾಲುವೆ ನೀರಿಗೆ ಪಂಚಾಯ್ತಿ ಮಾಡಿದವ್ರು ಗಂಗೆ ನೀರು ಹಂಚೋಕೆ ಕೂತ್ರು ಅಂತ ನಮ್ ತಾತ ತಮಾಷೆ ಮಾಡ್ತಿದ್ರು.

1997ರ ಮಾರ್ಚ್ ಕೊನೇಲಿ ಕಾಂಗ್ರೆಸ್ ಬೆಂಬಲ ವಾಪಸ್ ತಗೊಳ್ತು. ಏಪ್ರಿಲ್ 11ಕ್ಕೆ ಲೋಕಸಭೇಲಿ ವಿಶ್ವಾಸಮತ. ಪರವಾಗಿ 158, ವಿರುದ್ಧ 292. ವಿಶ್ವಾಸಮತ ಅಂದ್ರೆ ಇಷ್ಟೇ, ಈ ಸರ್ಕಾರದ ಮೇಲೆ ಸದನಕ್ಕೆ ನಂಬಿಕೆ ಇದ್ಯಾ ಅಂತ ತಲೆ ಎಣಿಸೋದು. ಸೋತ್ರೆ ರಾಜೀನಾಮೆ ಕೊಡ್ಲೇಬೇಕು. ಆದ್ರೆ ಪ್ರಧಾನಿ ಕುರ್ಚಿ ಹೋದ್ರೂ ರಾಜ್ಯಸಭೆ ಸೀಟು ಹೋಗಲ್ಲ, ಎರಡೂ ಬೇರೆ ಬೇರೆ.

ಮತ್ತೆ ಊರು, ಮತ್ತೆ ಓಟು

ಪ್ರಧಾನಿ ಆಗಿದ್ದವ್ರು ಅಂತ ಹಾಸನದ ಜನ ವಿನಾಯಿತಿ ಕೊಡ್ಲಿಲ್ಲ. 1998ರಲ್ಲಿ ಗೆಲ್ಸಿದ್ರು, ಒಂದೇ ವರ್ಷದಲ್ಲಿ ಲೋಕಸಭೆ ವಿಸರ್ಜನೆ ಆಗಿ 1999ರಲ್ಲಿ ಮತ್ತೆ ಎಲೆಕ್ಷನ್ ಬಂದಾಗ ಸೋಲ್ಸಿದ್ರು. ಗೆದ್ದಿದ್ದು ಯಾರು ಗೊತ್ತಾ? ಅದೇ ಪುಟ್ಟಸ್ವಾಮಿಗೌಡ್ರು.

ಆಮೇಲೆ ಕನಕಪುರದ ಎಂಪಿ ತೀರ್ಕೊಂಡು ಸೀಟು ಖಾಲಿ ಆಯ್ತು. ಹೀಗೆ ಮಧ್ಯದಲ್ಲಿ ಖಾಲಿ ಆದ್ರೆ ಸಾಮಾನ್ಯವಾಗಿ ಆರು ತಿಂಗಳೊಳಗೆ ಬೈ ಎಲೆಕ್ಷನ್ ಮಾಡ್ಬೇಕು. 2002ರಲ್ಲಿ ದೇವೇಗೌಡ್ರು ಅಲ್ಲಿ ನಿಂತು ಕಾಂಗ್ರೆಸ್ಸಿನ ಡಿ.ಕೆ. ಶಿವಕುಮಾರ್ ಎದುರು ಗೆದ್ರು. ಬೇರೆ ಜಿಲ್ಲೆಯವ್ರು ಇಲ್ಲಿ ನಿಲ್ಲಬಹುದಾ ಅಂತ ಕೇಳ್ತೀರಾ, ನಿಲ್ಲಬಹುದು, ಲೋಕಸಭೆಗೆ ಊರಿನ ಕಟ್ಟಿಲ್ಲ.

2004ರಲ್ಲಿ ಹಾಸನ, ಕನಕಪುರ ಎರಡು ಕಡೆ ನಿಂತ್ರು. 1996ರ ತಿದ್ದುಪಡಿ ಆದ್ಮೇಲೆ ಒಬ್ಬ ವ್ಯಕ್ತಿ ಒಂದು ಎಲೆಕ್ಷನ್ನಲ್ಲಿ ಹೆಚ್ಚಂದ್ರೆ ಎರಡು ಕಡೆ ಮಾತ್ರ ನಿಲ್ಲಬಹುದು. ಎರಡೂ ಗೆದ್ರೆ 14 ದಿನದಲ್ಲಿ ಒಂದು ಬಿಡ್ಬೇಕು, ಬಿಟ್ಟ ಕಡೆ ಮತ್ತೆ ಬೈ ಎಲೆಕ್ಷನ್, ಮತ್ತೆ ನಮ್ ತೆರಿಗೆ ದುಡ್ಡು. ಇವರಿಗೆ ಆ ಪ್ರಶ್ನೆ ಬರ್ಲಿಲ್ಲ, ಹಾಸನ ಗೆದ್ರು, ಕನಕಪುರದಲ್ಲಿ ಪತ್ರಕರ್ತೆ ಆಗಿದ್ದ ತೇಜಸ್ವಿನಿ ಎದುರು ಸೋತ್ರು. 2008ರ ಕ್ಷೇತ್ರ ವಿಂಗಡಣೇಲಿ ಕನಕಪುರ ಅನ್ನೋ ಲೋಕಸಭಾ ಕ್ಷೇತ್ರಾನೇ ಮಾಯ ಆಗಿ ಬೆಂಗಳೂರು ಗ್ರಾಮಾಂತರ ಅಂತ ಆಯ್ತು. ಹೆಸ್ರು ಗ್ರಾಮಾಂತರ, ಒಳಗೆ ರಾಜರಾಜೇಶ್ವರಿನಗರ, ಆನೇಕಲ್, ಬೆಂಗಳೂರು ದಕ್ಷಿಣದ ಅಪಾರ್ಟ್‌ಮೆಂಟುಗಳು. ಹಳ್ಳಿ ಎಂಪಿ ಅನ್ನೋ ಮಾತೇ ಹಿಂಗೆ ನಿಧಾನಕ್ಕೆ ಕರಗ್ತಾ ಇದೆ.

2009, 2014 ಎರಡೂ ಸಲ ಹಾಸನ. 2016ರ ಅಕ್ಟೋಬರ್ 1ಕ್ಕೆ, ಕಾವೇರಿ ನಿರ್ವಹಣಾ ಮಂಡಳಿ ಮಾಡ್ಬೇಕು ಅಂತ ಸುಪ್ರೀಂ ಕೋರ್ಟ್ ಹೇಳಿದ್ದಾಗ, 83ನೇ ವಯಸ್ಸಲ್ಲಿ ವಿಧಾನಸೌಧದ ಗಾಂಧಿ ಪ್ರತಿಮೆ ಹತ್ರ ಉಪವಾಸ ಕೂತ್ರು. ಕೇಂದ್ರ ಮಂತ್ರಿಗಳಾದ ಅನಂತಕುಮಾರ್, ಸದಾನಂದಗೌಡ್ರು ಬಂದು ಮಾತಾಡಿದ್ಮೇಲೆ ಎದ್ರು. ಸದನದಲ್ಲಿ ಮಾತು ನಡೀದಾಗ ಎಂಪಿಗೆ ಉಳಿಯೋ ದಾರಿ ಇದು, ಯಾವ ರೂಲ್ ಬುಕ್ಕಲ್ಲೂ ಇರಲ್ಲ.

2019ರಲ್ಲಿ ಹಾಸನಾನ ಮೊಮ್ಮಗ ಪ್ರಜ್ವಲ್‌ಗೆ ಬಿಟ್ಟು ತುಮಕೂರಿಗೆ ಹೋದ್ರು. ಹಾಸನದ ಕಡೆಯಿಂದ ತುಮಕೂರಿಗೆ ಹೇಮಾವತಿ ನೀರು ಸರಿಯಾಗಿ ಬಿಡ್ಲಿಲ್ಲ ಅನ್ನೋ ಮಾತು ಅಲ್ಲಿ ಜೋರಾಗಿ ಓಡ್ತು, ಸುಮಾರು 13 ಸಾವಿರ ಓಟಲ್ಲಿ ಬಿಜೆಪಿಯ ಜಿ.ಎಸ್. ಬಸವರಾಜು ಗೆದ್ರು. ಇನ್ನು 2024ರಲ್ಲಿ ಹಾಸನದಲ್ಲಿ ಪ್ರಜ್ವಲ್ ಸೋತಿದ್ದು ಶ್ರೇಯಸ್ ಪಟೇಲ್ ಎದುರು. ಶ್ರೇಯಸ್ ಪುಟ್ಟಸ್ವಾಮಿಗೌಡ್ರ ಮೊಮ್ಮಗ. ತಾತಂದಿರ ಫೈಟು ಮೊಮ್ಮಕ್ಕಳ ಕಾಲಕ್ಕೂ ಬಂತು. ಹೊಳೆನರಸೀಪುರದ ಕಡೆ ಎಲೆಕ್ಷನ್ ಅಂದ್ರೆ ಪಾರ್ಟಿಗಿಂತ ಮನೆತನದ ಲೆಕ್ಕ ಅನ್ನೋದು ಇದಕ್ಕೇ.

2020ರ ಜೂನಲ್ಲಿ ಅವಿರೋಧವಾಗಿ ರಾಜ್ಯಸಭೆಗೆ ಹೋದ್ರು. ರಾಜ್ಯಸಭೆಗೆ ನಾವು ನೀವು ಓಟು ಹಾಕಲ್ಲ, ಎಂಎಲ್ಎಗಳು ಹಾಕ್ತಾರೆ. ಕರ್ನಾಟಕಕ್ಕೆ 12 ಸೀಟು, ಅವಧಿ ಆರು ವರ್ಷ, ವಯಸ್ಸು 30 ಆಗಿರ್ಬೇಕು. ಅಲ್ಲಿ ಕೂತ್ರೂ ಎಂಪಿನೇ, ಎಂಪಿ ಫಂಡೂ ಅಷ್ಟೇ.

ಸಂಬಳ, ಲೆಟರ್‌ಹೆಡ್ಡು, ಮದುವೆ ಮನೆ

ಸಂಬಳ ತಿಂಗಳಿಗೆ 1,24,000 ರೂಪಾಯಿ, 2023ರ ಏಪ್ರಿಲಿಂದ ಲೆಕ್ಕ. ಅಧಿವೇಶನಕ್ಕೆ ಹಾಜರಾದ ದಿನ 2,500 ಭತ್ಯೆ. ಇದಲ್ದೆ ಕ್ಷೇತ್ರ ಭತ್ಯೆ, ಆಫೀಸ್ ಭತ್ಯೆ, ಡೆಲ್ಲೀಲಿ ಮನೆ, ಓಡಾಟದ ಟಿಕೆಟ್ಟು. ಮಾಜಿ ಆದ್ಮೇಲೆ ಪೆನ್ಶನ್ 31,000ದಿಂದ ಶುರು.

ಊರಲ್ಲಿ ಎಂಪಿಯ ದಿನ ಮಾತ್ರ ಬೇರೇನೇ ಥರ. ಬೆಳಗ್ಗೆ ಆರಕ್ಕೇ ಮನೆ ಮುಂದೆ ಜನ. ರೈಲಲ್ಲಿ ಎಮರ್ಜೆನ್ಸಿ ಕೋಟಾಗೆ ಲೆಟರ್, ಆಪರೇಷನ್ನಿಗೆ ಪ್ರಧಾನಿ ಪರಿಹಾರ ನಿಧಿಗೆ ಲೆಟರ್, ಮಗನ ವರ್ಗಾವಣೆಗೆ ಲೆಟರ್. ಮುಂಚೆ ಕೇಂದ್ರೀಯ ವಿದ್ಯಾಲಯಕ್ಕೆ ವರ್ಷಕ್ಕೆ 10 ಮಕ್ಕಳನ್ನ ಶಿಫಾರಸು ಮಾಡೋ ಕೋಟಾ ಇತ್ತು, 2022ರಲ್ಲಿ ತೆಗೆದ್ರು, ಜೂನ್ ತಿಂಗಳ ಅರ್ಧ ಜನ ಅಲ್ಲಿಗೆ ಕಮ್ಮಿ ಆದ್ರು. ಆಮೇಲೆ ಗೃಹಪ್ರವೇಶ, ಮದುವೆ, ತಿಥಿ, ಜಾತ್ರೆ. ನಮ್ಮ ಕಡೆ ತಿಥಿಗೆ ಬಂದ ಎಂಪಿನ ಜನ ಮರೆಯಲ್ಲ, ಕೊಬ್ಬರಿ ಮೇಲೆ ಹಾಕಿದ ಪ್ರಶ್ನೆ ಯಾರಿಗೂ ಗೊತ್ತೇ ಇರಲ್ಲ. ಇದು ಎಂಪಿ ತಪ್ಪೋ ನಮ್ ತಪ್ಪೋ, ನೀವೇ ಹೇಳಿ.

ಇದರ ಮಧ್ಯೆ ದಿಶಾ ಸಭೆ ಅಂತ ಒಂದಿದೆ, ಯಾರೂ ಅದರ ಬಗ್ಗೆ ಮಾತಾಡಲ್ಲ. 2016ರಲ್ಲಿ ಶುರುವಾಗಿದ್ದು, ಜಿಲ್ಲೇಲಿ ಕೇಂದ್ರದ ದುಡ್ಡಲ್ಲಿ ನಡಿಯೋ ಯೋಜನೆಗಳನ್ನ ಮೂರು ತಿಂಗಳಿಗೊಮ್ಮೆ ಕೂತು ನೋಡೋ ಸಮಿತಿ, ಅಧ್ಯಕ್ಷತೆ ಲೋಕಸಭಾ ಎಂಪಿದು. ಜಲಜೀವನ್ ಪೈಪ್ ಹಾಕಿ ರಸ್ತೆ ಅಗೆದು ಹಂಗೇ ಬಿಟ್ಟಿದಾರಾ, ಅದನ್ನ ಎಂಪಿ ಅಧಿಕಾರಿಗಳ ಮುಂದೆ ಕೇಳೋ ಜಾಗ ಇದು.

ಅರ್ಜಿ ಕೊಡೋದಾದ್ರೆ ಹಿಂಗೆ ಕೊಡಿ

ನಮ್ ಸಂಸದರು ಏನ್ ಕೇಳಿದಾರೆ ಅಂತ ನೋಡೋಕೆ ಸಂಸತ್ತಿನ ವೆಬ್‌ಸೈಟಲ್ಲಿ ಹೆಸ್ರು ಹಾಕಿದ್ರೆ ಸಾಕು, ಪ್ರಶ್ನೆ ಉತ್ತರ ಎರಡೂ ಸಿಗುತ್ತೆ, ಮೊಬೈಲಲ್ಲೇ. ಇನ್ನು ಅರ್ಜಿ ಕೊಡೋವಾಗ ನಮ್ಮೂರಿಗೆ ರೈಲು ಬೇಕು ಅಂತ ಬರೀಬೇಡಿ. ಯಾವ ಸ್ಟೇಷನ್ನು, ಯಾವ ಗಾಡಿ ನಂಬರ್ರು, ಯಾವ ಲೆವೆಲ್ ಕ್ರಾಸಿಂಗ್ ಗೇಟು, ಹೈವೇ ಆದ್ರೆ ಯಾವ ಕಿಲೋಮೀಟರ್ ಕಲ್ಲಿನ ಹತ್ರ ಅಂತ ಬರೀರಿ, ಅಧಿವೇಶನಕ್ಕೆ ಒಂದು ತಿಂಗಳು ಮುಂಚೆ ಕೊಡಿ, ಯಾಕಂದ್ರೆ ಪ್ರಶ್ನೆಗೆ ಆ 15 ದಿನದ ನೋಟಿಸ್ ಬೇಕು ಅಂದ್ನಲ್ಲ, ಅದನ್ನ ಟೈಪ್ ಮಾಡೋ ಪಿಎಗೂ ಟೈಮ್ ಬೇಕು.

ನಮ್ ಟೀ ಅಂಗಡಿ ಗೆಳೆಯರು ಈಗ ಎರಡು ಅರ್ಜಿ ಬರೆದಿದಾರೆ. ರೈಲ್ವೆ ಅಂಡರ್‌ಪಾಸಲ್ಲಿ ಮಳೆಗಾಲದಲ್ಲಿ ನೀರು ನಿಲ್ಲೋದು ಎಂಪಿಗೆ, ಗೇಟ್ ನಂಬರ್ ಸಮೇತ. ಚರಂಡಿದು ಪಂಚಾಯ್ತಿ ಅಧಿಕಾರಿ ಪಿಡಿಒಗೆ.